ಸಾಕ್ಷಿಯಿಲ್ಲದೆ ಬಾಣ ಎಳೆಯಬೇಡಿ: ಒಂದು ಗದ್ದೆಯ ಆಹಾರಜಾಲ ಬರೆಯುವ ಬಗೆ

ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ 22 ವರ್ಷಗಳಿಂದ ನಾನು ಉತ್ತರಪತ್ರಿಕೆಗಳಲ್ಲಿ ಓದುತ್ತಿರುವ ಐದು ಹೆಸರುಗಳು ಇವು. ನಡುವೆ ನಾಲ್ಕು ಬಾಣ, ಎರಡು ಅಂಕ. ಬಾಣ ಹಿಂದುಮುಂದಾದರೆ ಒಂದೇ ಅಂಕ. ನಾನು ಕಲಿತದ್ದೂ ಹೀಗೆಯೇ, ಬಹುಕಾಲ ಕಲಿಸಿದ್ದೂ ಹೀಗೆಯೇ.

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಹಾವು ಕಪ್ಪೆಯನ್ನು ನುಂಗುವುದನ್ನು ನೀವು ನೋಡಿದ್ದೀರಾ?” ಎಂದು ಕೇಳಿದ. ನೋಡಿದ್ದೇನೆ ಎಂದೆ. ನಮ್ಮ ಹಿತ್ತಿಲಲ್ಲೇ ನೋಡಿದ್ದೆ. ಆ ಕಪ್ಪೆಯ ಅರಚಾಟ ಇನ್ನೂ ಕಿವಿಯಲ್ಲಿದೆ. “ಕಪ್ಪೆ ಮಿಡತೆಯನ್ನು ತಿನ್ನುವುದನ್ನು?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟು ವರ್ಷ ಕಪ್ಪುಹಲಗೆಯ ಮೇಲೆ ಎಳೆದ ಆ ಬಾಣವನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ತರಗತಿಯಲ್ಲಿದ್ದ 32 ಮಕ್ಕಳಲ್ಲಿ ಒಬ್ಬರೂ ಕಂಡಿರಲಿಲ್ಲ. ಶಾಲೆಯ ಕಾಂಪೌಂಡಿನ ಆಚೆಗೇ ಗದ್ದೆ ಇದೆ, ಗದ್ದೆಯ ತುಂಬ ಕಪ್ಪೆಗಳಿವೆ.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು ಬಂದಿದೆ: ಸಾಕ್ಷಿಯಿಲ್ಲದೆ ಬಾಣವಿಲ್ಲ. ಆರು, ಏಳು, ಎಂಟನೇ ತರಗತಿಯಲ್ಲಿರುವ ನೀವು ನಿಮ್ಮ ಊರಿನ ಗದ್ದೆ, ಕೆರೆ, ತೋಟ ಯಾವುದರ ಆಹಾರಜಾಲವನ್ನಾದರೂ ಇದೇ ಬಗೆಯಲ್ಲಿ ಬರೆಯಬಹುದು. ನಾವು ಹೇಗೆ ಬರೆಯುತ್ತೇವೆ ಎಂಬುದನ್ನು ನಾವು ಎಡವಿದ ಕಡೆಗಳನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಗೆರೆಗಳ ಕಾನೂನು

ದೊಡ್ಡ ಡ್ರಾಯಿಂಗ್ ಹಾಳೆಯೊಂದನ್ನು ತೆಗೆದುಕೊಳ್ಳಿ. ಬಾಣಗಳು ನಾಲ್ಕು ಬಗೆ. ಕಣ್ಣಾರೆ ಕಂಡದ್ದಕ್ಕೆ ಶಾಯಿಯ ಪೂರ್ತಿ ಗೆರೆ. ಗುರುತು ಮಾತ್ರ ಸಿಕ್ಕಿದ್ದರೆ, ಅಂದರೆ ಕಚ್ಚಿದ ಎಲೆ, ಹಿಕ್ಕೆ, ಒಡೆದ ಏಡಿ ಚಿಪ್ಪು, ಕಿತ್ತ ಗರಿ, ಅದಕ್ಕೆ ಶಾಯಿಯಲ್ಲೇ ತುಂಡುಗೆರೆ. ಹಿರಿಯರು ಹೇಳಿದ್ದಕ್ಕೆ ಚುಕ್ಕಿಗೆರೆ. ಪಕ್ಕದಲ್ಲಿ ಹೇಳಿದವರು ಯಾರೆಂದು ಬರೆಯಬೇಕು. ಪುಸ್ತಕದಲ್ಲಿ ಓದಿದ್ದಕ್ಕೆ ಪೆನ್ಸಿಲ್. ಪುಸ್ತಕ ಸುಳ್ಳು ಹೇಳುತ್ತದೆ ಎಂದಲ್ಲ. ಆ ಮಾತಿಗೆ ನಿಮ್ಮ ಗದ್ದೆ ಇನ್ನೂ ಸಹಿ ಹಾಕಿಲ್ಲ, ಅಷ್ಟೇ.

ಬಾಣದ ತಲೆ ಯಾವ ಕಡೆಗಿರಬೇಕು ಎಂಬಲ್ಲಿ ಎಲ್ಲರೂ ತಪ್ಪುತ್ತಾರೆ. ಹಾವು ಕಪ್ಪೆಯ ಮೇಲೆ ಎರಗುತ್ತದೆ, ಹಾಗಾಗಿ ಬಾಣವೂ ಹಾವಿನಿಂದ ಕಪ್ಪೆಗೆ ಹೋಗಬೇಕು ಎಂದು ಮಕ್ಕಳಿಗೆ ಅನಿಸುವುದು ಸಹಜ. ಆದರೆ ಯಾರು ಯಾರನ್ನು ಅಟ್ಟಿಸಿಕೊಂಡು ಹೋದರು ಎಂಬುದು ಬಾಣಕ್ಕೆ ಬೇಕಿಲ್ಲ. ಶಕ್ತಿ ಯಾರ ಹೊಟ್ಟೆಗೆ ಸೇರಿತು ಎಂಬುದನ್ನು ಅದು ತೋರಿಸುತ್ತದೆ. ಕಪ್ಪೆಯಲ್ಲಿದ್ದದ್ದು ಹಾವಿಗೆ ಹೋಯಿತು, ಆದ್ದರಿಂದ ಬಾಣದ ತಲೆ ಹಾವಿನ ಕಡೆಗೆ. ನಾನು ಇದನ್ನು ಬಿಸಿಯೂಟದ ಹೊತ್ತಿನಲ್ಲಿ ಕಲಿಸುತ್ತೇನೆ: ಅನ್ನ ತಟ್ಟೆಯಿಂದ ಎಲ್ಲಿಗೆ ಹೋಗುತ್ತಿದೆ, ಬೆರಳು ತೋರಿಸಿ.

ಜಾಗ ಮತ್ತು ಸಾಮಾನು

ಜಾಗ ಚಿಕ್ಕದಿರಲಿ. ಮೊದಲ ವರ್ಷ ಊರಿನ ಇಡೀ ಬಯಲನ್ನೇ ಹಿಡಿಯಲು ಹೋಗಿ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತಾಯಿತು. ನಾಲ್ಕು ಜನ ಬಂದರೆ ಆರು ಜನ ನಾಲೆ ಕಡೆಗೆ. ಈಗ ಶಾಲೆಯ ಹಿಂದಿನ ಹತ್ತು ಗುಂಟೆ ಗದ್ದೆ ಮತ್ತು ಅದರ ಎರಡು ಬದು ಮಾತ್ರ ನಮ್ಮದು. ಪಟ್ಟಣದಲ್ಲಿರುವವರು ಉದ್ಯಾನದ ಒಂದು ಕೊಳ, ಇಲ್ಲವೇ ಒಂದು ಅತ್ತಿಮರವನ್ನು ಆರಿಸಿಕೊಳ್ಳಬಹುದು. ಅತ್ತಿಕಾಯಿಯನ್ನು ಸೀಳಿದರೆ ಒಳಗೇ ಒಂದು ಲೋಕವಿರುತ್ತದೆ. ಅದರ ಹೂವು ಕಾಯಿಯ ಒಳಗಡೆ ಅರಳುತ್ತದೆ, ಪರಾಗ ಹೊರುವುದು ಅದರೊಳಗೇ ಹುಟ್ಟಿ ಬೆಳೆಯುವ ಒಂದು ಪುಟ್ಟ ಕಣಜ.

ಜಾಗ ಆರಿಸುವಾಗಲೇ ಒಂದು ಜಗಳ ಬರುತ್ತದೆ, ಬರಲಿ ಬಿಡಿ. ಗದ್ದೆ ಎಲ್ಲಿಗೆ ಮುಗಿಯುತ್ತದೆ? ಬದುವಿಗೇ ಎಂದರೆ, ಇಲಿ ಆ ಬದುವಿನಲ್ಲಿ ಬಿಲ ತೋಡಿಕೊಂಡು ಎರಡೂ ಕಡೆಯ ಭತ್ತವನ್ನು ತಿನ್ನುತ್ತದೆ. ನೀರು ವಿಶ್ವೇಶ್ವರಯ್ಯ ನಾಲೆಯದು, ಅಂದರೆ ಕೃಷ್ಣರಾಜಸಾಗರದ್ದು, ಅಂದರೆ ಕೊಡಗಿನಲ್ಲೋ ಹಾಸನದ ಕಡೆಯೋ ಬಿದ್ದ ಮಳೆ. ಬಿಸಿಲು, ನೀರು, ಕೆಸರು, ಗಾಳಿ ಮತ್ತು ಅವುಗಳ ಜೊತೆ ಕೊಟ್ಟು ತೆಗೆದುಕೊಂಡು ಬಾಳುವ ಜೀವಿಗಳು, ಎಲ್ಲವೂ ಸೇರಿದ್ದು ಪರಿಸರ ವ್ಯವಸ್ಥೆ. ಈ ಪರಿಕಲ್ಪನೆಗೆ 1935ರಲ್ಲಿ ಹೆಸರು ಕೊಟ್ಟವರು ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ. ಅದರ ಗಡಿಯನ್ನು ಪ್ರಕೃತಿ ಎಳೆದಿರುವುದಿಲ್ಲ, ಓದುವವರು ತಮ್ಮ ಅನುಕೂಲಕ್ಕೆ ಎಳೆದುಕೊಳ್ಳುತ್ತಾರೆ. ಗಡಿಯನ್ನು ಹಾಳೆಯ ಮೂಲೆಯಲ್ಲಿ ನಕ್ಷೆಯಾಗಿ ಬರೆದಿಡಿ. ಮುಂದೆ ಯಾರಾದರೂ ನಾಲೆಯ ಮೀನನ್ನು ಒಳಗೆ ಸೇರಿಸಲು ಬಂದಾಗ ಬೇಕಾಗುತ್ತದೆ.

ಸಾಮಾನಿಗೆ ದುಡ್ಡು ಬೇಕಿಲ್ಲ. ಹಳೆಯ ಸೊಳ್ಳೆಪರದೆಯ ತುಂಡನ್ನು ತಂತಿಯ ಬಳೆಗೆ ಹೊಲಿದು ಕೋಲಿಗೆ ಕಟ್ಟಿದರೆ ಬಲೆ. ಒಂದು ಬಿಳಿ ಬೋಗುಣಿ. ಬಣ್ಣದ್ದಾದರೆ ಹುಳ ಕಾಣುವುದಿಲ್ಲ. ಭೂತಕನ್ನಡಿ. ಒಂದೊಂದು ಮೀಟರಿನ ನಾಲ್ಕು ಬಿದಿರು ಕಡ್ಡಿಗಳನ್ನು ಚೌಕವಾಗಿ ಕಟ್ಟಿದ್ದು. ನೋಟ್‌ಬುಕ್ಕು, ಪೆನ್ಸಿಲ್. ಪೆನ್ನು ಗದ್ದೆಗೆ ಬೇಡ, ನೀರು ಬಿದ್ದರೆ ಬರೆದದ್ದೆಲ್ಲ ಹೋಗುತ್ತದೆ.

ಗದ್ದೆಯ ಯಜಮಾನರನ್ನು ಕೇಳದೆ ಇಳಿಯಬೇಡಿ. ಅನುಮತಿಗೆ ಮಾತ್ರವಲ್ಲ, ಔಷಧಿ ಯಾವಾಗ ಹೊಡೆದರು ಎಂದು ತಿಳಿಯುವುದಕ್ಕೂ ಕೇಳಬೇಕು. ಹೊಸದಾಗಿ ಹೊಡೆದಿದ್ದರೆ ಆ ವಾರ ಶಾಲೆಯಲ್ಲೇ ಕುಳಿತುಕೊಳ್ಳಿ. ಬಿಲಕ್ಕೆ ಕೈ ಹಾಕಬಾರದು, ಕೋಲನ್ನೂ ಹಾಕಬಾರದು. ಕಾಲಿನಲ್ಲಿ ಗಾಯವಿರುವವರು ಬದುವಿನ ಮೇಲೆ ಕುಳಿತು ಬರೆಯುವ ಕೆಲಸ ಮಾಡಲಿ; ಇಲಿಜ್ವರದ ರೋಗಾಣು ಇಲಿಯ ಮೂತ್ರ ಬೆರೆತ ನೀರಿನಿಂದ ಗಾಯದ ಮೂಲಕ ಮೈ ಸೇರುತ್ತದೆ. ಬಂದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯುವುದು ಎಲ್ಲರಿಗೂ ಕಡ್ಡಾಯ, ನನಗೂ.

ಮೊದಲ ಶನಿವಾರ: ಸುಮ್ಮನೆ ಕೂರುವುದು

ನಾಟಿಯಾಗಿ ಮೂರು ವಾರ ಕಳೆದ ಮೇಲೆ ಒಂದು ಶನಿವಾರ, ಬೆಳಗಿನ ಶಾಲೆಯ ದಿನ ಹೋಗುತ್ತೇವೆ. ಮೊದಲ ಅರ್ಧ ಗಂಟೆ ಯಾರೂ ಏನನ್ನೂ ಹಿಡಿಯುವಂತಿಲ್ಲ. ಬದುವಿನ ಮೇಲೆ ಇಬ್ಬಿಬ್ಬರಂತೆ ಕುಳಿತು ನೋಡುವುದು. ಹತ್ತು ನಿಮಿಷ ಪಿಸುಗುಟ್ಟುತ್ತಾರೆ, ಆಮೇಲೆ ಗದ್ದೆ ಇವರನ್ನು ಮರೆಯುತ್ತದೆ. ವಿದ್ಯುತ್ ತಂತಿಯ ಮೇಲಿನ ಕಾಜಾಣ ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿದು ಮತ್ತೆ ತಂತಿಗೆ ಬರುತ್ತದೆ. ಬೆಳ್ಳಕ್ಕಿ ಒಂದು ಕಾಲೆತ್ತಿ, ಕತ್ತು ಮುಂದೆ ಚಾಚಿ, ಕೆಸರಿನಿಂದ ಏನನ್ನೋ ಎತ್ತಿ ನುಂಗುತ್ತದೆ. ಏನನ್ನು? ಕಾಣಲಿಲ್ಲವೆಂದರೆ ಹಾಳೆಯ ಮೇಲೆ “ಏನೋ” ಎಂದೇ ಬರೆಯಿರಿ, ಅಲ್ಲಿಂದ ಬೆಳ್ಳಕ್ಕಿಗೆ ಬಾಣ ಎಳೆಯಿರಿ. ನಮ್ಮ ಹಾಳೆಯಲ್ಲಿ ಮೂರು “ಏನೋ”ಗಳಿವೆ. ಅವುಗಳ ಬಗ್ಗೆ ನನಗೆ ನಾಚಿಕೆಯಿಲ್ಲ.

ಆಮೇಲೆ ಎಲೆಗಳನ್ನು ಓದಿ. ತಿಂದವನು ಓಡಿಹೋಗಿದ್ದರೂ ತಿಂದ ರೀತಿ ಅಲ್ಲೇ ಉಳಿದಿರುತ್ತದೆ. ಎಲೆಯ ಅಂಚನ್ನು ಕಚ್ಚಿ ಕಚ್ಚಿ ತಿಂದಿದ್ದರೆ ಮಿಡತೆಯ ಜಾತಿ ಇರಬಹುದು. ಎಲೆ ಉದ್ದಕ್ಕೆ ಮಡಚಿಕೊಂಡು, ಹಸಿರು ಕೆರೆದು ಬಿಳಿ ಗೀಟು ಬಿದ್ದಿದ್ದರೆ ಒಳಗೆ ಎಲೆ ಸುತ್ತುವ ಹುಳು. ಬಿಡಿಸಿ ನೋಡಿ, ಒಮ್ಮೊಮ್ಮೆ ಇರುತ್ತದೆ. ನಡುವಿನ ಸುಳಿ ಮಾತ್ರ ಒಣಗಿ, ಎಳೆದರೆ ಸಲೀಸಾಗಿ ಕೈಗೆ ಬಂದರೆ ಅದು ಕಾಂಡಕೊರಕದ ಕೆಲಸ. ತೆಂಡೆಯನ್ನು ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ಕತ್ತರಿಸಿದ್ದರೆ ಇಲಿ. ನಮ್ಮ ಹಾಳೆಯಲ್ಲಿ ಭತ್ತದಿಂದ ಹೊರಡುವ ಬಾಣಗಳಲ್ಲಿ ಹೆಚ್ಚಿನವು ತುಂಡುಗೆರೆಗಳೇ. ಗದ್ದೆಯ ಯಜಮಾನರು ಅವನ್ನು ನೋಡಿ ನಕ್ಕರು: “ಇದನ್ನೆಲ್ಲ ನನ್ನನ್ನೇ ಕೇಳಿದ್ದರೆ ಹೇಳುತ್ತಿರಲಿಲ್ಲವೇ, ಮೇಡಂ?” ಹೇಳುತ್ತಿದ್ದರು, ನಿಜ. ಆಗ ಅವು ಚುಕ್ಕಿಗೆರೆಗಳಾಗುತ್ತಿದ್ದವು.

ನಿಂತ ನೀರಿನಲ್ಲಿ ಬಲೆಯನ್ನು ನಿಧಾನವಾಗಿ ಎಳೆದು ಬೋಗುಣಿಗೆ ಕೊಡವಿ. ಗೊದಮೊಟ್ಟೆ, ಸೊಳ್ಳೆಯ ಮರಿಹುಳು, ಬಸವನಹುಳು, ಜೋರಾಗಿ ಈಜುವ ಕಪ್ಪು ಜೀರುಂಡೆ ಸಿಗುತ್ತವೆ. ಅದೃಷ್ಟವಿದ್ದರೆ ಏರೋಪ್ಲೇನ್ ಚಿಟ್ಟೆಯ ಮರಿಯೂ. ಚಿಟ್ಟೆ ಎನ್ನುವುದು ನಮ್ಮ ವಾಡಿಕೆ, ಅದು ಚಿಟ್ಟೆಯಲ್ಲ. ಮರಿ ನೀರಿನಲ್ಲೇ ಬೆಳೆಯುತ್ತದೆ, ನೋಡಲು ಕೆಸರಿನ ಮುದ್ದೆಯಂತೆ. ಆದರೆ ಅದರ ಕೆಳತುಟಿ ಮಡಚಿಟ್ಟ ತೋಳಿನಂತಿದ್ದು, ಬೇಟೆ ಹತ್ತಿರ ಬಂದೊಡನೆ ಮುಂದಕ್ಕೆ ಚಿಮ್ಮಿ ಹಿಡಿಯುತ್ತದೆ. ಬೋಗುಣಿಯಲ್ಲಿ ಅದನ್ನೂ ಸೊಳ್ಳೆಯ ಮರಿಗಳನ್ನೂ ಒಟ್ಟಿಗೆ ಬಿಟ್ಟು ಕಾಯಿರಿ. ನಮ್ಮ ಹಾಳೆಯ ಮೊದಲ ಪೂರ್ತಿಗೆರೆ ಬಂದದ್ದು ಹಾಗೆ: ಸೊಳ್ಳೆಮರಿಯಿಂದ ಏರೋಪ್ಲೇನ್ ಮರಿಗೆ. ಅವತ್ತು ಆ ಒಂದು ಗೆರೆಗೆ ಹುಡುಗರು ಚಪ್ಪಾಳೆ ತಟ್ಟಿದರು. ನೋಡಿ ಮುಗಿದ ಮೇಲೆ ಎಲ್ಲವನ್ನೂ ಹಿಡಿದ ಜಾಗಕ್ಕೇ ಬಿಡಬೇಕು.

ಗೂಬೆಯ ಕಕ್ಕುಂಡೆ

ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಇದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಊರಾಚೆಯ ಹಳೆಯ ಮಂಟಪದಲ್ಲೋ, ಬಳಸದ ಗೋದಾಮಿನಲ್ಲೋ ಕಣಜಗೂಬೆ ಇರುತ್ತದೆ. ಹೃದಯದ ಆಕಾರದ ಬಿಳಿ ಮುಖ, ಕಪ್ಪು ಕಣ್ಣು. ಅದು ಇಲಿಯನ್ನು ಹೆಚ್ಚಾಗಿ ಇಡಿಯಾಗಿಯೇ ನುಂಗುತ್ತದೆ. ಮಾಂಸ ಜೀರ್ಣವಾಗುತ್ತದೆ, ಕೂದಲು ಮತ್ತು ಮೂಳೆ ಆಗುವುದಿಲ್ಲ. ಅವನ್ನು ಒಟ್ಟುಮಾಡಿ ಉಂಡೆ ಕಟ್ಟಿ ಬಾಯಿಯಿಂದ ಹೊರಗೆ ಹಾಕುತ್ತದೆ. ನಮ್ಮ ಮಕ್ಕಳು ಇದಕ್ಕೆ “ಕಕ್ಕುಂಡೆ” ಎಂದು ಹೆಸರಿಟ್ಟಿದ್ದಾರೆ, ಇದಕ್ಕಿಂತ ಚೆನ್ನಾದ ಪದ ನನಗೆ ಗೊತ್ತಿಲ್ಲ. ಹೆಬ್ಬೆರಳಿನಷ್ಟು ಉದ್ದ, ಹೊಸದಾದರೆ ಕಪ್ಪಗೆ ಹೊಳೆಯುತ್ತದೆ, ಹಳತಾದಂತೆ ಬೂದುಬಣ್ಣ. ಹಿಕ್ಕೆಯಲ್ಲ, ವಾಸನೆಯೂ ಅಷ್ಟಿಲ್ಲ.

ಗೂಬೆಯ ಗೂಡಿಗೆ ಹತ್ತಬೇಡಿ, ಟಾರ್ಚು ಬಿಟ್ಟು ಹೆದರಿಸಬೇಡಿ. ಹಗಲಿನಲ್ಲಿ ಅದು ಕೂರುವ ಜಾಗದ ಕೆಳಗೆ ಬಿದ್ದದ್ದನ್ನು ಮಾತ್ರ, ಕೈಗವಸು ಹಾಕಿ, ಕಾಗದದ ಪೊಟ್ಟಣದಲ್ಲಿ ತನ್ನಿ. ಮುಂದಿನದು ದೊಡ್ಡವರ ಕೆಲಸ: ಉಂಡೆಗಳನ್ನು ಫಾಯಿಲ್‌ನಲ್ಲಿ ಸುತ್ತಿ, ಅಡುಗೆಗೆ ಮತ್ತೆ ಬಳಸದ ಹಳೆಯ ಬಾಣಲೆಯಲ್ಲಿ ಮರಳು ಹಾಕಿ, ಅದರೊಳಗೆ ಹೂತು ಒಂದು ಗಂಟೆ ಚೆನ್ನಾಗಿ ಕಾಯಿಸುವುದು. ರೋಗಾಣು ಸಾಯಲಿ ಎಂದು. ನಾನು ಮೊದಲ ಸಲ ಮನೆಯ ಬಾಣಲೆಯನ್ನು ತಂದಿದ್ದೆ; ಅತ್ತೆಯವರಿಗೆ ವಿಷಯ ತಿಳಿದ ಮೇಲೆ ಬಾಣಲೆ ಶಾಲೆಯಲ್ಲೇ ಉಳಿಯಿತು.

ಆರಿದ ಉಂಡೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸೂಜಿ ಅಥವಾ ಜಾಲಿ ಮುಳ್ಳಿನಿಂದ ಬಿಡಿಸಿ. ಕೂದಲು ಒಂದು ಕಡೆ, ಮೂಳೆ ಒಂದು ಕಡೆ. ಎಲ್ಲಕ್ಕಿಂತ ಮುಖ್ಯ ತಲೆಬುರುಡೆ. ಮುಂದೆ ಉಳಿಯಂಥ ಎರಡು ಹಲ್ಲು, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ದವಡೆ ಹಲ್ಲು ಇದ್ದರೆ ಅದು ಇಲಿ. ಖಾಲಿ ಜಾಗವೇ ಇಲ್ಲದೆ, ಬಾಯಿ ತುಂಬ ಮೊನಚು ಹಲ್ಲುಗಳ ಸಾಲು ಇದ್ದರೆ ಅದು ಸುಂಡಿಲಿ. ತಲೆಬುರುಡೆ ಪುಡಿಯಾಗಿದ್ದರೆ ಕೆಳದವಡೆಗಳನ್ನು ಎಣಿಸಿ ಎರಡರಿಂದ ಭಾಗಿಸಿ. ಒಂದು ಪ್ರಾಣಿಗೆ ಎಡದ್ದೊಂದು, ಬಲದ್ದೊಂದು.

ಕಳೆದ ವರ್ಷ ನಾವು ಬಿಡಿಸಿದ 11 ಉಂಡೆಗಳಲ್ಲಿ 26 ಇಲಿ, 7 ಸುಂಡಿಲಿ ಸಿಕ್ಕವು. ಹಾಳೆಯ ಮೇಲೆ ಬರೆಯುವಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಪೆನ್ನು ಹಿಡಿದು ನಿಂತುಬಿಟ್ಟಳು. ಇಲಿ ಭತ್ತ ತಿನ್ನುತ್ತದೆ; ಇಲಿಯನ್ನು ತಿಂದಾಗ ಗೂಬೆ ಮೂರನೇ ಮೆಟ್ಟಿಲಿನಲ್ಲಿರುತ್ತದೆ. ಸುಂಡಿಲಿ ಮುಖ್ಯವಾಗಿ ಹುಳಹುಪ್ಪಟೆ ತಿನ್ನುವ ಪ್ರಾಣಿ, ಇಲಿಯ ವರ್ಗಕ್ಕೇ ಸೇರಿದ್ದಲ್ಲ. ಭತ್ತ, ಹುಳು, ಸುಂಡಿಲಿ, ಗೂಬೆ ಎಂದಾಗ ಅದೇ ಗೂಬೆ ನಾಲ್ಕನೇ ಮೆಟ್ಟಿಲು ಹತ್ತುತ್ತದೆ. “ಹಾಗಾದರೆ ಇದನ್ನು ಯಾವ ಸಾಲಿನಲ್ಲಿ ಬರೆಯಲಿ, ಮಿಸ್?” ಆಹಾರ ಸರಪಳಿ ಸಾಲದೆ ಆಹಾರಜಾಲ ಬೇಕಾಗುವುದು ಈ ಪ್ರಶ್ನೆ ಬಂದಾಗ. ಆವತ್ತು ನಾನು ಸಾಲುಗಳನ್ನೇ ಅಳಿಸಿಬಿಟ್ಟೆ. ಗೂಬೆ ಈಗ ನಮ್ಮ ಹಾಳೆಯಲ್ಲಿ, ಅಳಿಸಿಹೋದ ಎರಡು ಸಾಲುಗಳ ನಡುವಿನ ಜಾಗದಲ್ಲಿ ಕುಳಿತಿದೆ.

ಗೂಬೆ ಅಪಶಕುನವೆಂದು ಹೇಳುವವರು ನಮ್ಮ ಊರಿನಲ್ಲೂ ಇದ್ದಾರೆ. ಅವರೊಂದಿಗೆ ವಾದ ಮಾಡಬೇಡಿ. 26 ತಲೆಬುರುಡೆಗಳನ್ನು ರಟ್ಟಿನ ಮೇಲೆ ಅಂಟಿಸಿ ತೋರಿಸಿ. ಬೆಳೆಹಾನಿಯ ಗೂಬೆಯನ್ನು ಯಾರ ಮೇಲೆ ಕೂರಿಸಬೇಕೆಂದು ರೈತರಿಗೆ ತಾನೇ ಹೊಳೆಯುತ್ತದೆ.

ಬಕೆಟ್ಟಿನ ಲೆಕ್ಕ

ಇಲಿಗಳು ಅಷ್ಟಿರುವಾಗ ಗೂಬೆಗಳು ಮಾತ್ರ ಏಕೆ ಒಂದೋ ಎರಡೋ? ಇದಕ್ಕೆ 10 ಲೀಟರ್ ನೀರಿನ ಬಕೆಟ್ ಸಾಕು. ಬಕೆಟ್ ಎಂದರೆ ಭತ್ತ ಬಿಸಿಲಿನಿಂದ ಹಿಡಿದಿಟ್ಟ ಶಕ್ತಿ. ಅದರಲ್ಲಿ 1 ಲೀಟರನ್ನು ಅಳೆದು ಇಲಿಯಾದ ಹುಡುಗನಿಗೆ ಕೊಡಿ. ಅವನು 100 ಮಿಲಿಲೀಟರನ್ನು ಹಾವಾದವಳಿಗೆ ಕೊಡಲಿ. ಅವಳು 10 ಮಿಲಿಲೀಟರನ್ನು ಹದ್ದಿಗೆ. ಉಳಿದ ನೀರನ್ನೆಲ್ಲ ಅವರವರೇ ಬೇವಿನ ಗಿಡದ ಬುಡಕ್ಕೆ ಸುರಿಯಬೇಕು. ಅದು ಓಡಾಟಕ್ಕೆ, ಉಸಿರಾಟಕ್ಕೆ, ಮೈ ಬಿಸಿ ಇಟ್ಟುಕೊಳ್ಳುವುದಕ್ಕೆ ಖರ್ಚಾದದ್ದು, ತಿನ್ನದೆ ಬಿಟ್ಟದ್ದು, ಹಿಕ್ಕೆಯಾಗಿ ಹೋದದ್ದು. ಕೊನೆಗೆ ಹದ್ದಿನ ಕೈಯಲ್ಲಿ ಎರಡು ಚಮಚ ನೀರು. ಹದ್ದಾದ ಹುಡುಗ ಪ್ರತಿ ವರ್ಷವೂ “ಇಷ್ಟೇನಾ?” ಎನ್ನುತ್ತಾನೆ. ಇಷ್ಟೇ. ಅದಕ್ಕೇ ಹದ್ದಿಗೆ ಬಹಳ ದೊಡ್ಡ ಬಯಲು ಬೇಕು.

ಹತ್ತನೇ ಒಂದು ಪಾಲು ಎಂಬುದು ನೆನಪಿಗೆ ಅನುಕೂಲವಾದ ದುಂಡು ಅಂಕಿ, ದೇವರ ವಾಕ್ಯವಲ್ಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಶಕ್ತಿ ಎಷ್ಟು ದಾಟುತ್ತದೆ ಎಂದು ಲೆಕ್ಕ ಹಾಕುವ ದಾರಿ ತೋರಿಸಿದವರು ರೇಮಂಡ್ ಲಿಂಡೆಮನ್. ಅಮೆರಿಕದ ಮಿನ್ನೆಸೋಟದ ಒಂದು ಸಣ್ಣ ಕೆರೆಯನ್ನು ವರ್ಷಗಟ್ಟಲೆ ಅಗೆದು, ಸೋಸಿ, ತೂಗಿದರು. 1942ರಲ್ಲಿ ಆ ಪ್ರಬಂಧ ಅಚ್ಚಾಗುವ ಮೊದಲೇ, 27 ವರ್ಷ ತುಂಬುವ ಮುನ್ನವೇ ತೀರಿಕೊಂಡರು. ಅವರ ಲೆಕ್ಕದಲ್ಲೂ ಎಲ್ಲ ಮೆಟ್ಟಿಲಿಗೆ ಒಂದೇ ಅಂಕಿ ಇರಲಿಲ್ಲ. ಪರೀಕ್ಷೆಯಲ್ಲಿ ನೂರಕ್ಕೆ 10 ಎಂದೇ ಬರೆಯಿರಿ. ಅಂಕ ನನ್ನ ಕೈಯಲ್ಲಿರುವುದಿಲ್ಲ.

ಜೇಡವನ್ನು ತೆಗೆದರೆ

ಮಕ್ಕಳನ್ನು ವೃತ್ತವಾಗಿ ನಿಲ್ಲಿಸಿ, ಹುರಿ ಹಿಡಿಸಿ, ಒಬ್ಬರು ಹುರಿ ಬಿಟ್ಟರೆ ಎಲ್ಲರ ಹುರಿಯೂ ಸಡಿಲವಾಗುತ್ತದೆ ಎಂದು ತೋರಿಸುವ ಆಟವಿದೆ. ಫೋಟೊಗೆ ಚೆನ್ನಾಗಿರುತ್ತದೆ. ನನಗೆ ಅದರ ಮೇಲೆ ಒಂದು ತಕರಾರು: ಒಂದು ಜೀವಿ ಹೋದರೆ ಎಲ್ಲವೂ ಕಡಿಮೆಯಾಗುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಗದ್ದೆಯಲ್ಲಿ ಹಾಗಾಗುವುದಿಲ್ಲ. ಕೆಲವು ಕಡಿಮೆಯಾಗುತ್ತವೆ, ಕೆಲವು ಉಕ್ಕುತ್ತವೆ.

ಭತ್ತದ ಬುಡವನ್ನು ಬಾಗಿಸಿ ನೋಡಿ. ನೀರಿನ ಮೇಲ್ಮೈಗೆ ಸ್ವಲ್ಪ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ಕಂದು ಜಿಗಿಹುಳುಗಳು ಕುಳಿತು ರಸ ಹೀರುತ್ತಿರುತ್ತವೆ. ಅದೇ ಬುಡದಲ್ಲಿ ಬಲೆ ಕಟ್ಟದೆ ಓಡಾಡಿ ಬೇಟೆಯಾಡುವ ಜೇಡಗಳೂ ಇರುತ್ತವೆ. ಕೀಟನಾಶಕ ಹೊಡೆದಾಗ ಜೇಡಗಳು ಸಾಯುತ್ತವೆ, ಜಿಗಿಹುಳುಗಳೂ ಬಹಳಷ್ಟು ಸಾಯುತ್ತವೆ. ಆದರೆ ಜಿಗಿಹುಳು ಮೊಟ್ಟೆ ಇಡುವುದು ಎಲೆಯ ಕವಚದ ಒಳಗೆ, ಔಷಧಿ ಅಲ್ಲಿಗೆ ಸುಲಭವಾಗಿ ಮುಟ್ಟುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗಳಿಗೆ ಗದ್ದೆಯಲ್ಲಿ ಶತ್ರುಗಳೇ ಇಲ್ಲ. ಕೆಲವೇ ವಾರಗಳಲ್ಲಿ ಗದ್ದೆ ಬೆಂಕಿ ಬಿದ್ದಂತೆ ತೇಪೆ ತೇಪೆಯಾಗಿ ಒಣಗಬಹುದು. ಇಂಡೊನೇಷ್ಯಾ ದೇಶ ಈ ಹುಳುವಿನಿಂದ ಬಹಳ ನಷ್ಟ ಕಂಡು, 1986ರಲ್ಲಿ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ನಮ್ಮ ದೇಶದಲ್ಲಿ 1987ರಲ್ಲಿ ಕಪ್ಪೆಕಾಲಿನ ರಫ್ತು ನಿಂತಿತು. ಹುಳ ತಿನ್ನುವ ಕಪ್ಪೆಗಳನ್ನು ಗದ್ದೆಗಳಿಂದ ಹಿಡಿದು ಹೊರದೇಶಕ್ಕೆ ಕಳಿಸುತ್ತಿದ್ದ ಕಾಲವೊಂದಿತ್ತು.

ಇದನ್ನು ಹಾಳೆಯ ಮೇಲೆ ತೋರಿಸಲು ನಾವು ಹುಣಸೆ ಬೀಜ ಬಳಸುತ್ತೇವೆ. ಪ್ರತಿ ಜೀವಿಯ ಹೆಸರಿನ ಮೇಲೆ ಐದು ಬೀಜ. ಜೇಡದ ಬೀಜಗಳನ್ನು ತೆಗೆದರೆ, ಜೇಡ ತಿನ್ನುತ್ತಿದ್ದವುಗಳ ಮೇಲೆ ಬೀಜ ಹೆಚ್ಚಿಸಿ, ಜೇಡವನ್ನು ತಿನ್ನುತ್ತಿದ್ದವುಗಳ ಮೇಲಿಂದ ತೆಗೆಯಿರಿ. ಬಾಣ ಹಿಡಿದು ಮುಂದೆ ಮುಂದೆ ಹೋಗಿ. ಎರಡು ಮೂರು ಹೆಜ್ಜೆಯಾದ ಮೇಲೆ ಮಕ್ಕಳಿಗೂ ನನಗೂ ಒಮ್ಮತ ಬರುವುದಿಲ್ಲ, ಗದ್ದಲ ಜೋರಾಗುತ್ತದೆ. ಪಕ್ಕದ ತರಗತಿಯವರ ಕ್ಷಮೆಯನ್ನು ಮೊದಲೇ ಕೇಳಿಕೊಂಡಿರಬೇಕು.

ಬದುವಿನ ಬೆರಕೆ ಸೊಪ್ಪು

ಜೀವವೈವಿಧ್ಯ ಎಂದರೆ ಹುಲಿ, ಆನೆ, ಪಶ್ಚಿಮ ಘಟ್ಟ ಎಂದು ಬರೆಯುವ ಮಕ್ಕಳಿಗೆ ನಾನು ಬೆರಕೆ ಸೊಪ್ಪಿನ ಸಾರನ್ನು ನೆನಪಿಸುತ್ತೇನೆ. ಅಜ್ಜಿಯರು ಹೊಲ ಗದ್ದೆಯ ಬದುವಿನಿಂದ ಮಡಿಲು ತುಂಬ ತರುವ ಸೊಪ್ಪಿನಲ್ಲಿ ಹೊನಗೊನ್ನೆ, ಅಣ್ಣೆ, ಗರ್ಗ, ಒಂದೆಲಗ ಎಲ್ಲ ಇರುತ್ತವೆ. ಒಂದೇ ಬಗೆಯ ಸೊಪ್ಪಿದ್ದರೆ ಆ ಸಾರಿಗೆ ಆ ಹೆಸರೇ ಬರುವುದಿಲ್ಲ.

ಬಿದಿರಿನ ಚೌಕವನ್ನು ಕಳೆನಾಶಕ ಹೊಡೆದ ಬದುವಿನ ಮೇಲೊಮ್ಮೆ, ಹೊಡೆಯದ ಬದುವಿನ ಮೇಲೊಮ್ಮೆ ಇಟ್ಟು, ಒಳಗಿನ ಗಿಡಗಳನ್ನು ಬಗೆಬಗೆಯಾಗಿ ಎಣಿಸಿ. ಚೌಕವನ್ನು ಎಲ್ಲಿ ಇಡಬೇಕೆಂದು ಆರಿಸಬೇಡಿ, ಬೆನ್ನು ಹಾಕಿ ನಿಂತು ಒಂದು ಕಲ್ಲು ಹಿಂದಕ್ಕೆ ಎಸೆದು ಅದು ಬಿದ್ದಲ್ಲಿ ಇಡಿ. ಇಲ್ಲವಾದರೆ ಹೂವಿರುವ ಕಡೆಗೇ ಕೈ ಹೋಗುತ್ತದೆ. ಹೆಸರು ಗೊತ್ತಿಲ್ಲದ ಗಿಡಕ್ಕೆ ‘ಅ’, ‘ಆ’ ಎಂದು ಗುರುತು ಕೊಟ್ಟು ಒಂದೆಲೆಯನ್ನು ನೋಟ್‌ಬುಕ್ಕಿನಲ್ಲಿಟ್ಟು ಅಜ್ಜಿಗೆ ತೋರಿಸಿ. ನಮ್ಮ ಪಟ್ಟಿಯ ಹೆಸರುಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಅಜ್ಜಿಯರಿಂದ.

ಎಣಿಸಿದ ಮೇಲೆ ಒಂದು ಸಿಕ್ಕು. ಎರಡು ಚೌಕಗಳಲ್ಲೂ 20 ಗಿಡಗಳಿವೆ ಎನ್ನೋಣ. ಒಂದರಲ್ಲಿ 18 ಕಾಂಗ್ರೆಸ್ ಗಿಡ, 2 ತುಂಬೆ. ಇನ್ನೊಂದರಲ್ಲಿ ಐದು ಬಗೆ, ಒಂದೊಂದೂ ನಾಲ್ಕು. ಯಾವುದರಲ್ಲಿ ವೈವಿಧ್ಯ ಹೆಚ್ಚು ಎಂದು ಕಣ್ಣಿಗೆ ಗೊತ್ತಾಗುತ್ತದೆ, ಅಂಕಿಯಲ್ಲಿ ಹೇಳುವುದು ಹೇಗೆ? ಗಿಡಕ್ಕೊಂದು ಚೀಟಿಯಂತೆ ಹೆಸರು ಬರೆದು ಎರಡು ಡಬ್ಬಿಗಳಲ್ಲಿ ಹಾಕಿ. ನೋಡದೆ ಎರಡು ಚೀಟಿ ಎತ್ತಿ: ಬೇರೆ ಬೇರೆ ಹೆಸರೇ, ಒಂದೇ ಹೆಸರೇ? ಚೀಟಿಗಳನ್ನು ಮತ್ತೆ ಒಳಗೆ ಹಾಕಿ ಕುಲುಕಿ ನೂರು ಸಲ ಮಾಡಿ. ಮೊದಲ ಡಬ್ಬಿಯಲ್ಲಿ ಬೇರೆ ಬೇರೆ ಬರುವುದು ನೂರಕ್ಕೆ ಸುಮಾರು 19 ಸಲ, ಎರಡನೆಯದರಲ್ಲಿ ಸುಮಾರು 84 ಸಲ. 1949ರಲ್ಲಿ ಎಡ್ವರ್ಡ್ ಸಿಂಪ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರು ಕೊಟ್ಟ ಅಳತೆಯ ತಿರುಳು ಇದೇ. ಚೀಟಿಯ ಬದಲು ಕಾಳು ಬಳಸಲು ಹೋಗಬೇಡಿ. ನಾವು ಅವರೆ, ಹುರುಳಿ ಹಾಕಿದ್ದೆವು. ಅವರೆಯೇ ಕೈಗೆ ಬರುತ್ತಿತ್ತು, ಹುರುಳಿ ಡಬ್ಬಿಯ ತಳ ಸೇರಿತ್ತು.

ಶಾಲೆಯ ಬೇಲಿಯಲ್ಲಿ ಒಂದು ಶ್ರೀಗಂಧದ ಗಿಡವಿದೆ. ಹಸಿರೆಲೆ ಇದೆ, ತನ್ನ ಊಟವನ್ನು ತಾನು ತಯಾರಿಸುತ್ತದೆ, ಆದ್ದರಿಂದ ಉತ್ಪಾದಕ. ಆದರೆ ಅದರ ಬೇರು ಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ನೀರು, ಲವಣ ಎಳೆದುಕೊಳ್ಳುತ್ತದೆ. ಇದನ್ನು ಎಲ್ಲಿ ಬರೆಯುವುದು ಎಂದು ಮೂರು ವರ್ಷದಿಂದ ಜಗಳ ನಡೆದಿದೆ. ಗಡಿಯ ಹೊರಗಿದೆ ಎಂದು ನಾನು ತಪ್ಪಿಸಿಕೊಂಡಿದ್ದೇನೆ.

ಕೊಳೆಸುವವರು, ಇಲ್ಲದವರು

ಕೊಯ್ಲಾದ ಮೇಲೆ ಎರಡು ಚೀಲ ಹೊಲಿಯಿರಿ: ಒಂದು ಸೊಳ್ಳೆಪರದೆಯದು, ಇನ್ನೊಂದು ಈರುಳ್ಳಿ ಚೀಲದ ದೊಡ್ಡ ಕಣ್ಣಿನದು. ಎರಡರಲ್ಲೂ ಒಂದೇ ತೂಕದ ಒಣಹುಲ್ಲು ತುಂಬಿ ಬದುವಿನ ಬಳಿ ಅಂಗೈಯಷ್ಟು ಆಳದಲ್ಲಿ ಹೂಳಿ. ತಿಂಗಳಿಗೊಮ್ಮೆ ತೆಗೆದು, ಒಣಗಿಸಿ, ತೂಗಿ. ದೊಡ್ಡ ಕಣ್ಣಿನ ಚೀಲಕ್ಕೆ ಎರೆಹುಳು, ಗೆದ್ದಲು ನುಗ್ಗಬಹುದು. ಸಣ್ಣ ಕಣ್ಣಿನದಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ಮತ್ತು ತೀರ ಸಣ್ಣ ಹುಳಗಳು ಮಾತ್ರ. ತೂಕದ ವ್ಯತ್ಯಾಸವೇ ಎರೆಹುಳುವಿನ ಕೂಲಿ ಲೆಕ್ಕ. ಸತ್ತದ್ದನ್ನು ಕೊಳೆಸುವ ಈ ವಿಘಟಕರಿಗೆ ಬಾಣ ಎಳೆಯುವಾಗ ಹಾಳೆ ಹಾಳಾಗುತ್ತದೆ, ಏಕೆಂದರೆ ಎಲ್ಲ ಹೆಸರಿನಿಂದಲೂ ಒಂದೊಂದು ಬಾಣ ಅವುಗಳ ಕಡೆಗೇ ಹೋಗಬೇಕು. ನಾವು ಹಾಳೆಯ ಕೆಳಗೆ ಕಂದು ಬಣ್ಣದ ಪಟ್ಟಿಯೊಂದನ್ನು ಬಳಿದು “ಎಲ್ಲರೂ ಇಲ್ಲಿಗೆ” ಎಂದು ಬರೆದಿದ್ದೇವೆ.

ಅಲ್ಲಿಂದ ಮೇಲಕ್ಕೆ ಹೋಗುವುದು ಪೋಷಕಾಂಶ, ಶಕ್ತಿಯಲ್ಲ. ಶಕ್ತಿ ಬಕೆಟ್ಟಿನ ನೀರಿನಂತೆ ಖರ್ಚಾಗಿ ಹೋಯಿತು. ಸಾರಜನಕ, ರಂಜಕ ಸುತ್ತುತ್ತಲೇ ಇರುತ್ತವೆ. ಇದನ್ನು ನೋಡಲು ನಮ್ಮವರಿಗೆ ದೂರ ಹೋಗಬೇಕಾಗಿಲ್ಲ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಸುತ್ತಲಿನ ಕೆರೆಗಳ ಮೀನು ಮರದ ಮೇಲಕ್ಕೆ ಹೋಗುತ್ತದೆ, ಹಿಕ್ಕೆಯಾಗಿ ಕೆಳಗೆ ಬೀಳುತ್ತದೆ, ಊರಿನವರು ಅದನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ. ಕೆರೆಯ ರಂಜಕ ಹೊಲ ತಲುಪಿದ ಬಗೆ ಇದು.

ಹಾಳೆಯಲ್ಲಿ ಒಂದು ಹೆಸರಿನ ಸುತ್ತ ಖಾಲಿ ವೃತ್ತವಿದೆ: ರಣಹದ್ದು. ಹಸು ಸತ್ತರೆ ಊರಾಚೆ ಹಾಕುತ್ತಿದ್ದರು, ಸ್ವಲ್ಪ ಹೊತ್ತಿನಲ್ಲಿ ಹದ್ದುಗಳು ಇಳಿದು ಮೂಳೆ ಮಾತ್ರ ಉಳಿಸುತ್ತಿದ್ದವು ಎಂದು ನಮ್ಮ ಶಾಲೆಯ ಅಡುಗೆಯವರ ತಾಯಿ ಹೇಳಿದರು. ಚುಕ್ಕಿಗೆರೆ, ಪಕ್ಕದಲ್ಲಿ “ಅಜ್ಜಿ ಹೇಳಿದ್ದು”. ಈಗ ಆ ಹಕ್ಕಿ ನಮ್ಮ ಬಯಲಿಗೆ ಬರುವುದಿಲ್ಲ. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. 2004ರಲ್ಲಿ ಕಾರಣ ಪತ್ತೆಯಾಯಿತು, 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದುಹೋಗಿದ್ದವು. ನಮಗೆ ಹತ್ತಿರದಲ್ಲಿ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ಕೆಲವು ಉಳಿದಿದ್ದವು. 2012ರಲ್ಲಿ ಅದು ರಣಹದ್ದು ಧಾಮವಾಯಿತು.

ಹಾಳೆಯನ್ನು ಲ್ಯಾಮಿನೇಟ್ ಮಾಡಿಸಬೇಡಿ. ಗೋಡೆಗೆ ಹಾಕುವಾಗ ಕೈಗೆಟಕುವ ಎತ್ತರದಲ್ಲಿರಲಿ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ನು, ರಬ್ಬರು. ಹೊಸ ಸಾಕ್ಷಿ ತಂದವರು ತಾರೀಖು ಹಾಕಿ ಗೆರೆ ಬದಲಿಸಬಹುದು. ಕಳೆದ ಮಳೆಗಾಲದಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಬೀದಿದೀಪದ ಕೆಳಗೆ ಕಪ್ಪೆ ರೆಕ್ಕೆ ಬಂದ ಗೆದ್ದಲುಗಳನ್ನು ಒಂದರ ಹಿಂದೆ ಒಂದರಂತೆ ನುಂಗುವುದನ್ನು ನೋಡಿ ಬಂದು ಗೆದ್ದಲಿನಿಂದ ಕಪ್ಪೆಗೆ ಪೂರ್ತಿಗೆರೆ ಎಳೆದಳು. ಅವಳ ಅಣ್ಣ, ದೊಡ್ಡ ಕಪ್ಪೆಯೊಂದು ಸಣ್ಣ ಕಪ್ಪೆಯನ್ನು ನುಂಗುವುದನ್ನು ನೋಡಿದ್ದಾಗಿ ಹೇಳಿದ. ಕಪ್ಪೆಯಿಂದ ಹೊರಟು ಕಪ್ಪೆಗೇ ಬರುವ ಬಾಣವನ್ನು ಹೇಗೆ ಬರೆಯುವುದೆಂದು ಕೇಳಿದಾಗ, ಕಿವಿಯೋಲೆಯಂತೆ ದುಂಡಗೆ ಬರೆ ಎಂದೆ. ಮಿಡತೆಯಿಂದ ಕಪ್ಪೆಗೆ ಹೋಗುವ ಬಾಣ ಇನ್ನೂ ಪೆನ್ಸಿಲಿನಲ್ಲೇ ಇದೆ.